ವಕೀಲರಿಲ್ಲದ ಕೋರ್ಟು

ನಮ್ಮೂರು ಸೊರಬ ತಾಲ್ಲೂಕಿನ ಕ್ಯಾಸನೂರು. ಹೆಸರು ಕೇಳಿದ ತಕ್ಷಣ ಆಫೀಸಲ್ಲಿ ಯಾರಾದ್ರೂ ಒಬ್ರು "ಓ, ಮಂಗನ ಕಾಯಿಲೆ!" ಅಂತಾರೆ. 1957ರಲ್ಲಿ ನಮ್ಮ ಕಾಡಲ್ಲಿ ಸಿಕ್ಕ ವೈರಸ್ಸಿಗೆ ಊರಿನ ಹೆಸರೇ ಅಂಟಿಕೊಂಡುಬಿಟ್ಟಿತು. ಇರಲಿ, ಇವತ್ತಿನ ವಿಷಯ ಅದಲ್ಲ.

ಹೋದ ತಿಂಗಳು ಅಪ್ಪ ಜಮೀನಲ್ಲಿ ಅರ್ಧ ಎಕರೆ ಕೊಟ್ಟುಬಿಡೋಣ ಅಂದರು. 2020ರ ತಿದ್ದುಪಡಿ ಆದಮೇಲೆ ಬೆಂಗಳೂರಿನವರೂ ಸಲೀಸಾಗಿ ಕೃಷಿ ಜಮೀನು ಕೊಳ್ಳಬಹುದಲ್ಲ, ಗಿರಾಕಿ ಸಿಕ್ಕಿದ್ದರು. ಅವರ ಕಡೆಯ ಲಾಯರ್ ಹಳೇ ಕಾಗದ ತಿರುವಿ ಹಾಕಿ, "ಎದುರು ಪಾರ್ಟಿ ಪರ ಯಾರೂ ವಾದ ಮಾಡೇ ಇಲ್ವಲ್ರೀ?" ಅಂದರು. ಅದು ನಮ್ಮಜ್ಜನಿಗೆ ಟ್ರಿಬ್ಯೂನಲ್ಲಿಂದ ಬಂದ ಆದೇಶ. ವಾದ ಮಾಡೋಕೆ ಯಾರೂ ಇರಲಿಲ್ಲ ಅಲ್ಲ, ಇರಲು ಬಿಟ್ಟಿರಲಿಲ್ಲ.

ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಯನ್ನು ತಿದ್ದಿದಾಗ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ ಪಾಲಾಯಿತು. ಉಳುವವನು ಫಾರಂ 7 ತುಂಬಿ ಕೊಡಬೇಕು, ಟ್ರಿಬ್ಯೂನಲ್ ವಿಚಾರಣೆ ಮಾಡಿ ಹಕ್ಕು ಕೊಡಬೇಕು. ಅದಕ್ಕೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದವರು ಸದಸ್ಯರು. ಗೇಣಿದಾರ ಹೌದೋ ಅಲ್ಲವೋ ಅನ್ನೋದನ್ನ ಸಿವಿಲ್ ಕೋರ್ಟು ತೀರ್ಮಾನಿಸುವ ಹಾಗಿಲ್ಲ. ಕಪ್ಪು ಕೋಟಿನವರಿಗೆ ಬಾಗಿಲೇ ಇಲ್ಲ.

ಕಾನೂನು ಅಂದಮೇಲೆ ಕೋರ್ಟು, ಲಾಯರ್ ಇರಲೇಬೇಕಲ್ವಾ ಅಂತ ನನಗೂ ಅನ್ನಿಸಿತ್ತು, ಫ್ರಾನ್ಸಿನ ಕಥೆ ಓದೋವರೆಗೆ. ಅಲ್ಲಿ ಕ್ರಾಂತಿಗೆ ಮುಂಚೆ 'ಪಾರ್ಲ್‌ಮಾಂ' ಅಂತ ದೊಡ್ಡ ಕೋರ್ಟುಗಳಿದ್ದವು. ಜಡ್ಜ್ ಹುದ್ದೆ ಅಲ್ಲಿ ಕೊಳ್ಳುವ, ಮಾರುವ, ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ. ಅಧಿಕಾರವನ್ನು ಮೂರು ಭಾಗ ಮಾಡಬೇಕು ಅಂತ 1748ರಲ್ಲಿ ಬರೆದ ಮಾಂಟೆಸ್ಕ್ಯೂ ಇದ್ದಾನಲ್ಲ, ನಾವು ಸಿವಿಕ್ಸಲ್ಲಿ ಉರು ಹೊಡೆದವನು, ಅವನಿಗೇ ಬೋರ್ಡೋ ಕೋರ್ಟಿನ ಹುದ್ದೆ ದೊಡ್ಡಪ್ಪನಿಂದ ಬಂದಿತ್ತು. 1726ರಲ್ಲಿ ಅದನ್ನ ಮಾರಿಕೊಂಡ! ರೈತರ ಬಿಟ್ಟಿ ದುಡಿಮೆ ತೆಗೆಯಲು 1776ರಲ್ಲಿ ಮಂತ್ರಿ ಟ್ಯೂರ್ಗೋ ಹೊರಟಾಗ ಅಡ್ಡ ನಿಂತಿದ್ದು ಇಂಥ ಜಡ್ಜುಗಳೇ. ಹಾಗಾಗಿ ಕ್ರಾಂತಿ ಆದಮೇಲೆ, 1790ರ ಆಗಸ್ಟಿನ ಕಾನೂನು ಆಡಳಿತದ ಕೆಲಸದಲ್ಲಿ ಜಡ್ಜುಗಳು ತಲೆ ಹಾಕಬಾರದು ಅಂತ ಖಡಾಖಂಡಿತ ಹೇಳಿತು. ಮುಂದಿನ ತಿಂಗಳೇ ವಕೀಲರ ಸಂಘವೂ ರದ್ದಾಯಿತು.

ಅವರಿಗೂ ನಮಗೂ ಕಾರಣ ಒಂದೇ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಭತ್ತ ಅಳೆಯೋ ಕೊಳಗದ ತಕರಾರಿಂದ. ಗೇಣಿ ಅಳೆಸಿಕೊಳ್ಳುವವನದೇ ಅಳತೆ, ಅವನದೇ ಲೆಕ್ಕ. ರಸೀದಿ ಎಲ್ಲಿಂದ ಬರಬೇಕು? ನಮ್ಮಜ್ಜ ಇಪ್ಪತ್ತು ವರ್ಷ ಗೇಣಿ ಕೊಟ್ಟಿದ್ದಕ್ಕೆ ಒಂದು ಚೀಟಿ ಇರಲಿಲ್ಲ. ಒಬ್ಬ ಒಳ್ಳೇ ಲಾಯರ್ ಎದ್ದು ನಿಂತು "ದಾಖಲೆ ತೋರಿಸು" ಅಂದಿದ್ದರೆ ಹೆಬ್ಬೆಟ್ಟಿನ ಮನುಷ್ಯ ಅಲ್ಲೇ ಮುಗೀತಿದ್ದ. ಟ್ರಿಬ್ಯೂನಲ್ ಅಕ್ಕಪಕ್ಕದ ಗದ್ದೆಯವರನ್ನ ಕರೆದು "ಇದನ್ನ ಉಳ್ತಿದ್ದೋರು ಯಾರು?" ಅಂತ ಕೇಳಿತು. ಅವರು ಹೇಳಿದರು. ನನ್ನ ಬಿ.ಇ. ಫೀಸು ಬಂದಿದ್ದು ಆ ಉತ್ತರದಿಂದ.

ಇಲ್ಲಿಗೇ ನಿಲ್ಲಿಸಿದ್ರೆ ಚೆನ್ನಾಗಿತ್ತು.

ಅಜ್ಜನಿಗೆ ಸಿಕ್ಕಿದ್ದು ಎರಡೂವರೆ ಎಕರೆ. ಎರಡು ಎಕರೆ ದೊಡ್ಡ ಒಡೆಯರದ್ದು, ಅದರ ಬಗ್ಗೆ ನನಗೆ ಒಂಚೂರೂ ಅಳುಕಿಲ್ಲ. ಉಳಿದ ಅರ್ಧ ಎಕರೆ ಒಬ್ಬ ವಿಧವೆಯದ್ದು. ಅಜ್ಜ ಸಾಯೋ ಮುಂಚಿನ ವರ್ಷ, ಜಗಲಿ ಮೇಲೆ ಅಡಿಕೆ ಕತ್ತರಿಸ್ತಾ, ನಾನು ಕೇಳದೇ ಇದ್ದರೂ ಹೇಳಿದ: "ಅದು ಗೇಣಿ ಅಲ್ಲ ಮಗಾ. ಆಯಮ್ಮ ಕೂಲಿಗೆ ಒಂದು ವರ್ಷ ಊಳೋಕೆ ಕರೆದಿದ್ಲು. ಎಲ್ಲಾರೂ ಬರೆಸ್ತಿದ್ರು, ನಾನೂ ಬರೆಸ್ದೆ." ಗೇಣಿಗೆ ಕೊಟ್ಟ ಸೈನಿಕರಿಗೆ ಕಾಯ್ದೆಯಲ್ಲಿ ವಿನಾಯಿತಿ ಇತ್ತು, ವಿಧವೆಗೆ ಇರಲಿಲ್ಲ. ಆದರೆ ಅವಳು ಗೇಣಿಗೇ ಕೊಟ್ಟಿರಲಿಲ್ಲ. ಅದನ್ನ ಟ್ರಿಬ್ಯೂನಲ್ ಮುಂದೆ ನಿಂತು ಹೇಳೋಕೆ ಅವಳಿಗೆ ಬಾಯಿ ಬರಲಿಲ್ಲ, ಅವಳ ಪರ ಮಾತಾಡೋರಿಗೆ ಒಳಗೆ ಪ್ರವೇಶ ಇರಲಿಲ್ಲ. ಹೈಕೋರ್ಟಿಗೆ ರಿಟ್ ಹಾಕಬಹುದಿತ್ತು ನಿಜ. ಬೆಂಗಳೂರು ಎಲ್ಲಿ, ಅವಳೆಲ್ಲಿ.

ನಮ್ಮಜ್ಜನಿಗೆ ನ್ಯಾಯ ಕೊಟ್ಟ ಚಿಲಕವೇ ಅವಳನ್ನ ಹೊರಗಿಟ್ಟಿತು. ವಕೀಲರನ್ನ ಬಿಡಬೇಕಿತ್ತು ಅನ್ನೋಣ ಅಂದ್ರೆ ಆ ಎರಡು ಎಕರೆ ನಮ್ಮದಾಗ್ತಿರಲಿಲ್ಲ, ಅಜ್ಜನಂಥ ಸಾವಿರಾರು ಜನ ಬರಿಗೈಲಿ ಮನೆಗೆ ಹೋಗ್ತಿದ್ದರು. ಬಿಡದೇ ಇದ್ದದ್ದು ಸರಿ ಅಂದ್ರೆ ಆ ಅರ್ಧ ಎಕರೆ ಕಣ್ಣಿಗೆ ಚುಚ್ಚುತ್ತೆ. ಜಾಸ್ತಿ ಜನಕ್ಕೆ ಒಳ್ಳೇದಾಯ್ತಲ್ಲ ಅಂತ ಸ್ನೇಹಿತ ಅಂದ. ಲಾಭ ತಿಂದವನು ಆ ಲೆಕ್ಕ ಹಾಕಬಾರದು ಅಂತ ನನಗೆ ಅನ್ನಿಸುತ್ತೆ.

ಫ್ರೆಂಚರು ಕೂಡ ಚಿಲಕ ಹಾಗೇ ಬಿಡಲಿಲ್ಲ. ನೆಪೋಲಿಯನ್ 1810ರಲ್ಲಿ ವಕೀಲರ ಸಂಘವನ್ನ ವಾಪಸ್ ತಂದ. 1799ರಲ್ಲಿ ಶುರುವಾದ ಕೊನ್ಸೈ ದೆತಾ ಅನ್ನೋ ಸರ್ಕಾರದ ಸಲಹಾ ಮಂಡಳಿ ನಿಧಾನಕ್ಕೆ ಸರ್ಕಾರದ ಮೇಲೇ ತೀರ್ಪು ಕೊಡೋ ಕೋರ್ಟಾಯಿತು. ನಮ್ಮಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು ವಕೀಲರ ಮೇಲಿನ ನಿರ್ಬಂಧವನ್ನ ತೆಗೆದುಹಾಕಿತು. ಅದೂ ನ್ಯಾಯದ ದೊಡ್ಡ ಪ್ರಶ್ನೆ ಎತ್ತಿ ಅಲ್ಲ. ವಕೀಲಿಕೆಯ ಹಕ್ಕು ಕೇಂದ್ರದ ಕಾನೂನಿನ ವಿಷಯ, ರಾಜ್ಯ ಅದಕ್ಕೆ ಕೈ ಹಾಕೋ ಹಾಗಿಲ್ಲ ಅಂತ. ಅಷ್ಟರಲ್ಲಿ ನಮ್ಮ ಪಹಣಿಯಲ್ಲಿ ಅಜ್ಜನ ಹೆಸರು ಕೂತು ವರ್ಷಗಳಾಗಿದ್ದವು.

ಗಿರಾಕಿಯ ಲಾಯರ್ "ಟೈಟಲ್ ಕ್ಲಿಯರ್ ಇದೆ" ಅಂತ ಮೆಸೇಜ್ ಹಾಕಿದ್ದಾರೆ. ಅಪ್ಪ ಮಾರಬೇಕು ಅಂತಿರೋದು ಅದೇ ಅರ್ಧ ಎಕರೆಯನ್ನ. ಯಾಕೆ ಅದೇ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಆಯಮ್ಮನ ಮೊಮ್ಮಗಳು ಶಿರಸಿಯಲ್ಲಿ ಟೀಚರಂತೆ. ನಂಬರ್ ಸಿಕ್ಕು ಹತ್ತು ದಿನ ಆಯ್ತು, ಫೋನ್ ಇನ್ನೂ ಮಾಡಿಲ್ಲ.