ಹೆಚ್ಚಿನ ಅಕ್ಕಿ



ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ತಾಯಿಯು ಅದನ್ನು ಒಳಗೆ ಸೇರಿಸಲಿಲ್ಲ. ತಂದ ಎಡೆಯಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿದಳು. ಅದು ಕದ್ದ ಅಕ್ಕಿಯಲ್ಲ. ಅಂದಿನ ಅಗತ್ಯವನ್ನು ಮೀರಿದ ಅಕ್ಕಿ, ಅಷ್ಟೆ. ಈ ಕಥೆಯನ್ನು ಇಂದು ಆಕಾಶಕ್ಕೂ ಅನ್ವಯಿಸಿ ನೋಡಬೇಕಾಗಿದೆ.

ಸೂರ್ಯನಿಂದ ಪಡೆದ ಕಾವನ್ನು ಭೂಮಿಯು ಮರಳಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಾಗೆ ಹೊರಡುವ ಕಾವಿನ ಒಂದಂಶವನ್ನು ಇಂಗಾಲದ ಡೈಆಕ್ಸೈಡ್ ಮೊದಲಾದ ಅನಿಲಗಳು ತಡೆದಿಡುತ್ತವೆ. ಈ ಹೊದಿಕೆಯಿಲ್ಲದಿದ್ದರೆ ಭೂಮಿಯು ಹಿಮಗಟ್ಟುತ್ತಿತ್ತು. ಆದುದರಿಂದ ಹೊದಿಕೆಯು ಬೇಕಾದುದೇ. ಆದರೆ ಕೋಟ್ಯಂತರ ವರ್ಷಗಳಿಂದ ಭೂಗರ್ಭದಲ್ಲಿದ್ದ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಮನುಷ್ಯನು ಅಗೆದು ಸುಟ್ಟು ಆ ಹೊದಿಕೆಯನ್ನು ದಪ್ಪವಾಗಿಸಿದ್ದಾನೆ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಆ ಅನಿಲವು 2024ರಲ್ಲಿ 420ನ್ನು ದಾಟಿತ್ತು. ಆ ವರ್ಷ ಭೂಮಿಯ ಸರಾಸರಿ ಉಷ್ಣತೆಯು ಹಿಂದಿನದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಏರಿತ್ತು. ಮಾರಯ್ಯನವರ ಅಕ್ಕಿಯಾದರೋ ಅಂದೇ ಅಂಗಳಕ್ಕೆ ಮರಳಿತು. ನಾವು ಆಕಾಶದಲ್ಲಿ ಕೂಡಿಟ್ಟ ಹೆಚ್ಚುವರಿಯಲ್ಲಿ ಬಹುಭಾಗವು ಶತಮಾನಗಳ ಕಾಲ ಅಲ್ಲಿಯೇ ಉಳಿಯುವಂಥದು.

ಒಂದು ಡಿಗ್ರಿಯಿಂದ ಏನಾದೀತು ಎಂದು ಕೇಳುವವರುಂಟು. ಬೆಚ್ಚನೆಯ ಗಾಳಿಯು ಡಿಗ್ರಿಯೊಂದಕ್ಕೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಆದುದರಿಂದ ಮಳೆ ಬಂದಾಗ ಸುರಿದುಬಿಡುತ್ತದೆ. ಬಾರದಾಗ ನೆಲವನ್ನು ಬೇಗನೆ ಒಣಗಿಸುತ್ತದೆ. 2023ರ ಆಗಸ್ಟ್ ತಿಂಗಳು ಭಾರತದಲ್ಲಿ 1901ರಿಂದೀಚೆಗೆ ಕಂಡ ಅತ್ಯಂತ ಒಣ ಆಗಸ್ಟ್ ಆಗಿತ್ತು. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು, ಕೃಷ್ಣರಾಜಸಾಗರವು ತುಂಬಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿರುವ ಮಳವಳ್ಳಿಯ ರೈತನಿಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಅಣೆಕಟ್ಟು 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿತು. ಜೂನ್ ತಿಂಗಳಲ್ಲಿ ಹಾಗೆ ತುಂಬಿದ್ದು ಅದೇ ಮೊದಲು.

ತುಂಬಿದ ಕಟ್ಟೆಯನ್ನು ಕಂಡು ‘ಹವಾಮಾನ ಕೆಟ್ಟಿದೆಯೆಂಬುದು ಸುಳ್ಳು’ ಎನ್ನುವುದು ಅವಸರದ ಮಾತು. ಬರವನ್ನು ಕಂಡು ‘ಶಿವನ ಕೋಪ’ ಎನ್ನುವುದು ಅದಕ್ಕಿಂತಲೂ ಕೆಟ್ಟದ್ದು. ಅದು ನಮ್ಮ ಕೈಯ ಕೆಲಸವನ್ನು ಶಿವನ ತಲೆಗೆ ಕಟ್ಟುವುದು. 2023ರ ಬರವೆಲ್ಲವೂ ಹೊಗೆಯಿಂದಲೇ ಬಂದಿತೆಂದು ಸಾರುವುದೂ ಸರಿಯಲ್ಲ. ಪೆಸಿಫಿಕ್ ಸಾಗರದ ನೀರನ್ನು ಕಾಯಿಸುವ ಎಲ್ ನಿನೋ ಎಂಬ ವಿದ್ಯಮಾನವೂ ಆ ವರ್ಷ ಇದ್ದಿತು. ಒಂದು ವರ್ಷದ ಮಳೆ ಬೇರೆ, ದಶಕಗಳ ಹವಾಮಾನ ಬೇರೆ. ಶರಣರು ಗಹನವಾದ ತತ್ತ್ವವನ್ನು ಜನರ ಆಡುಮಾತಿಗೆ ತಂದರು; ತರುವಾಗ ಸತ್ಯವನ್ನು ಹಿಗ್ಗಿಸಲಿಲ್ಲ, ಕುಗ್ಗಿಸಲಿಲ್ಲ. ವಿಜ್ಞಾನಿಗಳು ಇಂಗ್ಲಿಷಿನಲ್ಲಿ ಬರೆದಿಟ್ಟುದನ್ನು ನಮ್ಮ ಹಳ್ಳಿಯ ಜಗಲಿಗೆ ಒಯ್ಯುವವರು ಈ ಹದವನ್ನು ಮರೆಯಬಾರದು.

ಇನ್ನೊಂದು ಮಾತನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಇಂಧನವನ್ನು ಸುಟ್ಟು ಭಾರತೀಯನೊಬ್ಬನು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ರಾಗಿ ಬೆಳೆಯುವ ಒಕ್ಕಲಿನವನ ಪಾಲು ಇನ್ನೂ ಅಲ್ಪ. ಹೆಚ್ಚಿನ ಅಕ್ಕಿ ತಂದವರು ಒಬ್ಬರು, ಉಪವಾಸ ಬೀಳುವವರು ಇನ್ನೊಬ್ಬರು. ಲಕ್ಕಮ್ಮ ತಾಯಿಯ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ಸಿರಿವಂತ ರಾಷ್ಟ್ರಗಳ ಬಾಗಿಲಲ್ಲಿ. ಬಳಿಕ ನಮ್ಮ ನಗರಗಳ ಬಾಗಿಲಲ್ಲಿ. ರಾತ್ರಿಯೆಲ್ಲ ಡೀಸೆಲ್ ಉರಿಸಿ ದೀಪಾಲಂಕಾರ ಮಾಡುವ ಜಾತ್ರೆಗಳಲ್ಲಿಯೂ ಸಹ.

ಹಾಗೆಂದು ಗದ್ದೆಯಲ್ಲಿ ಮಾಡುವ ಕಾಯಕವೇನೂ ಇಲ್ಲವೆಂದಲ್ಲ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸಿದರೆ ಕೆಸರಿನಿಂದ ಮೀಥೇನ್ ಎಂಬ ಅನಿಲವು ಏಳುತ್ತದೆ. ಅದೂ ಕಾವನ್ನು ಹಿಡಿದಿಡುವಂಥದೇ. ನೀರನ್ನು ಕಟ್ಟಿ, ಆರಲು ಬಿಟ್ಟು, ಮತ್ತೆ ಹಾಯಿಸುವ ಕ್ರಮದಿಂದ ಆ ಅನಿಲವು ತಗ್ಗುತ್ತದೆ, ನೀರೂ ಉಳಿಯುತ್ತದೆ. ನಾಲೆಯ ಮೇಲ್ಭಾಗದವರು ಹಾಗೆ ಉಳಿಸಿದ ನೀರು ಕೆಳಗಿನ ಮಳವಳ್ಳಿಯವರೆಗೆ ಹರಿಯಬಲ್ಲುದು. ಗದ್ದೆಯುಳ್ಳ ಮಠಗಳು ಮೊದಲು ತಮ್ಮ ಗದ್ದೆಯಲ್ಲಿಯೇ ಇದನ್ನು ನಡೆಸಲಿ. ಬದುವಿನ ಮೇಲೆ ನಿಂತ ರೈತನು ‘ಇದೇನು ಬುದ್ಧಿ, ಗದ್ದೆ ಆರಿಸಿದ್ದೀರಲ್ಲ?’ ಎಂದು ತಾನಾಗಿ ಕೇಳಿದ ದಿನ ಪ್ರವಚನವನ್ನು ಆರಂಭಿಸಬಹುದು.