ಅದತ್ತವಾದ ದೇಹ ಮತ್ತು ಪರದೆಯ ಪಾಠ

ವೈದ್ಯವಿದ್ಯಾರ್ಥಿಯು ಅಂಗರಚನಾಶಾಸ್ತ್ರವನ್ನು ಕಲಿಯುವ ಶರೀರವು ದಾನವಾಗಿ ಬಂದಿರಬಹುದು. ಆದರೆ ನ್ಯಾಯವೈದ್ಯಶಾಸ್ತ್ರವನ್ನು ಕಲಿಯುವ ಶವಾಗಾರದ ಶರೀರವನ್ನು ಯಾರೂ ದಾನವಿತ್ತಿರುವುದಿಲ್ಲ. ಅಪಘಾತ, ಆತ್ಮಹತ್ಯೆ, ಕೊಲೆಗಳಂತಹ ಅಸಹಜ ಮರಣಗಳಲ್ಲಿ ಕಾನೂನೇ ಅದನ್ನು ಪರೀಕ್ಷೆಗೆ ಒಪ್ಪಿಸುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿದೆ. ಬಂಧುಗಳ ಒಪ್ಪಿಗೆಗಾಗಿ ಅದು ಕಾಯುವುದಿಲ್ಲ.

2020ರಲ್ಲಿ ಕೋವಿಡ್ ನಿಮಿತ್ತ ಕಾಲೇಜುಗಳು ಮುಚ್ಚಿದಾಗ ಈ ಪಾಠವೂ ಆನ್‌ಲೈನ್ ಆಯಿತು. ಶವಾಗಾರದೊಳಗೆ ಉಳಿಯಬೇಕಾದ ಚಿತ್ರಗಳು ಮನೆಮನೆಯ ಮೊಬೈಲಿಗೆ ಬರುವ ದಾರಿ ತೆರೆಯಿತು. ಇಲ್ಲಿ ಧರ್ಮಜಿಜ್ಞಾಸೆಯೊಂದು ಏಳುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅದತ್ತಾದಾನವನ್ನೇ ಚೌರ್ಯವೆಂದು ನಿರೂಪಿಸುತ್ತದೆ. ತನಿಖೆಗೆಂದು ಪಡೆದ ದೇಹದ ಚಿತ್ರವನ್ನು ಪಾಠಕ್ಕೆ ಬಳಸುವುದು ಅದತ್ತದ ಗ್ರಹಣವಲ್ಲವೇ?

ಆತ್ಮವು ತೆರಳಿದ ಮೇಲೆ ಉಳಿದುದು ಬರಿಯ ಪುದ್ಗಲ, ಅದಕ್ಕೇನು ಮಾನ ಎಂದು ಕೆಲವರು ಕೇಳಿಯಾರು. ಭೇದವಿಜ್ಞಾನವು ತನ್ನ ದೇಹದ ಮೇಲಣ ಮೋಹವನ್ನು ಕಳೆಯಲೆಂದು ಇದೆಯೇ ಹೊರತು ಪರರ ದುಃಖವನ್ನು ಕಡೆಗಣಿಸಲೆಂದಲ್ಲ. ಘನತೆಯ ಹಕ್ಕು ಮೃತದೇಹಕ್ಕೂ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವೂ 1995ರಲ್ಲಿ ಹೇಳಿದೆ.

ಹಾಗೆಂದು ಪಾಠವನ್ನೇ ತ್ಯಜಿಸುವುದೂ ಅಹಿಂಸೆಯಲ್ಲ. ನೇಣಿನ ಗುರುತು ಸಾಮಾನ್ಯವಾಗಿ ಕೊರಳಿನ ಮೇಲ್ಭಾಗದಲ್ಲಿ ಓರೆಯಾಗಿರುತ್ತದೆ. ಹಗ್ಗದಿಂದ ಬಿಗಿದು ಕೊಂದ ಗುರುತು ಅಡ್ಡಲಾಗಿ ಕೊರಳನ್ನು ಸುತ್ತುವರಿದಿರುತ್ತದೆ. ಈ ಭೇದವನ್ನರಿಯದ ವೈದ್ಯನ ಒಂದು ವರದಿಯಿಂದ ನಿರಪರಾಧಿ ಸೆರೆಮನೆ ಸೇರಿಯಾನು, ಕೊಲೆಗಾರ ತಪ್ಪಿಸಿಕೊಂಡಾನು. ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವೈದ್ಯನಿಗೂ ಈ ಹೊಣೆ ಬರುತ್ತದೆ. ಮಾತನಾಡಲಾರದ ಮೃತನ ಪರವಾಗಿ ಸತ್ಯವನ್ನು ನುಡಿಯುವ ವಿದ್ಯೆಯಿದು.

ಆದ್ದರಿಂದ ಬೇಕಾದುದು ನಿಷೇಧವಲ್ಲ, ಪರಿಮಾಣ. ಗೃಹಸ್ಥನು ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಳ್ಳುವಂತೆ ಗುರುವೂ ಶಿಷ್ಯನೂ ಇಲ್ಲಿ ಮಿತಿಯನ್ನು ಹಾಕಿಕೊಳ್ಳಬೇಕು. ರೇಖಾಚಿತ್ರ ಸಾಕಾಗುವಲ್ಲಿ ಛಾಯಾಚಿತ್ರ ಬೇಡ. ಚಿತ್ರ ಅನಿವಾರ್ಯವಾದಲ್ಲಿ ಮುಖವೂ ಹೆಸರೂ ಕಾಣಬಾರದು. ಪಾಠ ಮುಗಿದ ಮೇಲೆ ಅದು ಯಾರ ಮೊಬೈಲಿನಲ್ಲಿಯೂ ಉಳಿಯಬಾರದು. ಶವದ ಸೆಟೆತ, ವಾಸನೆ, ಹೊರಗೆ ಕಾದಿರುವ ಬಂಧುಗಳ ಮೌನ ಇವು ಪರದೆಯಲ್ಲಿ ದೊರೆಯುವುದಿಲ್ಲ. ಅವುಗಳೆದುರು ವಿದ್ಯಾರ್ಥಿ ಖುದ್ದಾಗಿ ನಿಲ್ಲಲೇಬೇಕು.

ಪ್ರಮಾದವೇ ಹಿಂಸೆಯ ಮೂಲ. ಊಟದ ನಡುವೆ, ಹರಟೆಯ ನಡುವೆ ಬೆರಳಿನಿಂದ ಸರಿಸಿಬಿಡುವ ನೋಟವೂ ಪ್ರಮಾದವೇ. ಮಕ್ಕಳನ್ನು ವೈದ್ಯಕೀಯಕ್ಕೆ ಕಳುಹಿಸುವ ಶ್ರಾವಕ ಕುಟುಂಬಗಳೂ, ವಿದ್ಯಾರ್ಥಿನಿಲಯಗಳನ್ನು ನಡೆಸುವ ಬಸದಿಗಳ ಆಡಳಿತ ಮಂಡಳಿಗಳೂ ಅವರಿಗೆ ಈ ಒಂದು ವಿವೇಕವನ್ನು ಕಲಿಸಬೇಕು: ಕೊಡದೆ ಬಂದುದನ್ನು ನ್ಯಾಸವೆಂದು ಭಾವಿಸಿ, ಕಾರ್ಯವಾದೊಡನೆ ಕೈಬಿಡುವವನೇ ಅಚೌರ್ಯವ್ರತಿ.