ತಾನಾಗಿ ನೀಡಿದ ಕೈ

ಒಬ್ಬನು ಯಾರ ಬಲವಂತವೂ ಕೂಲಿಯ ಆಸೆಯೂ ಇಲ್ಲದೆ ಪರರ ಸಹಾಯಕ್ಕೆ ಬಂದನೆನ್ನೋಣ. ಕೆಲಸವು ಕಠಿಣವಾದಾಗ ಅದನ್ನು ನಡುವೆ ಬಿಟ್ಟು ಹೋಗುವ ಸ್ವಾತಂತ್ರ್ಯವು ಅವನಿಗುಂಟೋ? ಇದು ನಾವು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

1943ನೆಯ ಇಸವಿಯಲ್ಲಿ ಅಮೇರಿಕಾ ದೇಶದಲ್ಲಿ ‘ಕ್ರೈ ಹ್ಯಾವಕ್’ ಎಂಬ ಚಲಚ್ಚಿತ್ರವು ತಯಾರಾಯಿತು. ಫಿಲಿಪ್ಪೀನ್ಸ್ ದ್ವೀಪಗಳ ಬಟಾನ್ ಎಂಬ ಕಾಡುಸೀಮೆಯಲ್ಲಿ ಜಪಾನೀಯರ ಮುತ್ತಿಗೆಗೆ ಸಿಕ್ಕಿದ ಆಸ್ಪತ್ರೆಯೊಂದರ ಕಥೆ ಅದು. ದಾದಿಯ ವಿದ್ಯೆಯನ್ನು ಕಲಿಯದ ಕೆಲವು ಸ್ತ್ರೀಯರು ತಾವಾಗಿಯೇ ಗಾಯಾಳುಗಳ ಸೇವೆಗೆ ನಿಲ್ಲುತ್ತಾರೆ. ಹೊರಟುಹೋಗಬಹುದೆಂದು ಹೇಳಿದರೂ ಹೋಗುವದಿಲ್ಲ.

ಕಥೆಯು ಕಲ್ಪಿತವಾದರೂ ಅದರ ಹಿಂದೆ ನಿಜಸಂಗತಿಯುಂಟು. 1942ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ ಬಟಾನಿನ ಕಾಡಿನೊಳಗೆ ಸೇನೆಯ ದಾದಿಯರು ಮರಗಳ ಕೆಳಗೆ ಮಂಚಗಳನ್ನು ಹಾಕಿ ರೋಗಿಗಳನ್ನು ನೋಡಿಕೊಂಡರು. ಪಡಿಯು ಅರ್ಧಕ್ಕಿಳಿಯಿತು; ಮಲೇರಿಯಾ ಹಬ್ಬಿತು; ಕ್ವಿನೈನು ಸಾಲದೆಹೋಯಿತು. ಏಪ್ರಿಲ್ 8ರ ರಾತ್ರಿ ರೋಗಿಗಳನ್ನು ಬಿಟ್ಟು ಕೊರೆಗಿಡಾರ್ ದ್ವೀಪಕ್ಕೆ ಹೋಗಬೇಕೆಂದು ಅವರಿಗೆ ಆಜ್ಞೆಯಾಯಿತು. ಅವರು ವಿಧೇಯರಾಗಿ ಹೋದರು; ಆದರೆ ಆ ಅಗಲಿಕೆಯ ವ್ಯಥೆಯು ಅನೇಕರನ್ನು ಬಹುಕಾಲ ಬಿಡಲಿಲ್ಲ. ಮುಂದೆ ಫಿಲಿಪ್ಪೀನ್ಸಿನಲ್ಲಿ ಸೆರೆಯಾದ ಸೇನೆಯ 66 ಮಂದಿ ದಾದಿಯರು 1945ನೆಯ ಫೆಬ್ರವರಿಯಲ್ಲಿ ಬಿಡುಗಡೆಯಾಗುವ ತನಕ ಮನಿಲಾದ ಶಿಬಿರದಲ್ಲಿ ಜೊತೆಯ ಸೆರೆಯವರಿಗೆ ಶುಶ್ರೂಷೆ ಮಾಡಿದರು.

ಆಜ್ಞೆಯಂತೆ ಹೋದವರಿಗೆ ವ್ಯಥೆ ಏತಕ್ಕೆ? ಮಲಗಿದ್ದವನು ಅವರನ್ನು ನಂಬಿದ್ದನು; ಆಜ್ಞೆಯು ತಪ್ಪನ್ನು ನೀಗಿಸೀತು, ನಂಬಿಕೆಯ ಋಣವನ್ನು ನೀಗಿಸದು. ನಮ್ಮ ನಾಗಮಂಗಲದ ಸೀಮೆಯಲ್ಲಿ ನಾಟಿಗೆ ಮುಯ್ಯಾಳಾಗಿ ಬಂದವನನ್ನು ಯಾರೂ ಕಟ್ಟಿಹಾಕುವದಿಲ್ಲ. ಮೊದಲೇ ಬಾರೆನೆಂದಿದ್ದರೆ ಗದ್ದೆಯವನು ಬೇರೊಬ್ಬನನ್ನು ಕರೆಯುತ್ತಿದ್ದನು. ಪೈರನ್ನು ಮಡಿಯಿಂದ ಕಿತ್ತ ಮೇಲೆ ಎದ್ದು ಹೋದರೆ ಪೈರು ಬಾಡುವದು. ಬರುವ ಮುಂಚೆ ಇದ್ದ ಸ್ವಾತಂತ್ರ್ಯವು ಬಂದ ಮೇಲೆ ಹಾಗೆಯೇ ಇರುವದಿಲ್ಲ.

ಹಾಗಾದರೆ ಪ್ರಾಣ ಹೋದರೂ ಕದಲಬಾರದೋ? ಹಾಗೆಂದು ನಾವು ಹೇಳುವದಿಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರು ತಪ್ಪಿತಸ್ಥರಲ್ಲ. ಆದರೆ ರೋಗಿಯ ಆರೈಕೆಗೆ ದಾರಿಮಾಡಿ ಹೋಗುವವನಿಗೂ, ಅವನನ್ನು ಒಳಗೆ ಬಿಟ್ಟು ಬಾಗಿಲೆಳೆದು ಹೋಗುವವನಿಗೂ ಬಹಳ ಅಂತರವುಂಟು. ಹೋಗಲೇಬೇಕಾದವನು ಮತ್ತೊಬ್ಬರ ಕೈಗೆ ಒಪ್ಪಿಸಿ ಹೋಗಲಿ.

ಆದದರಿಂದ, ಪ್ರಿಯ ವಾಚಕರೇ, ನೆರೆಮನೆಯ ರೋಗಿಗೆ ‘ನಾನಿದ್ದೇನೆ’ ಎಂದು ಹೇಳುವ ಮುಂಚೆ ಚೆನ್ನಾಗಿ ಯೋಚಿಸೋಣ. ಹೇಳಿದ ಮೇಲೆ, ಮೂರನೆಯ ರಾತ್ರಿಯ ನಿದ್ದೆಗೇಡಿನಲ್ಲಿಯೂ ಇರೋಣ.